ಪೆನ್‌ಡ್ರೈವ್‌ನಲ್ಲಿ ಟೈನಿ ಕೋರ್: ಕರೆಂಟು ಹೋದಾಗಲೆಲ್ಲ ಸೆಟ್ಟಿಂಗ್ ಮಾಯ, ಏನು ಮಾಡಲಿ?

ತೋಟಪಟ್ಟಿ, ಶಿರಸಿ

ನಮ್ಮ ಮನೆ ಶಿರಸಿಯಿಂದ ಹುಲೇಕಲ್ ದಾರಿಯಲ್ಲಿದೆ. ಹಾರ್ಡ್ ಡಿಸ್ಕ್ ಹಾಳಾಗಿ ಅಟ್ಟ ಸೇರಿದ್ದ 1 ಜಿಬಿ ರ್‍ಯಾಮ್‌ನ ನೆಟ್‌ಬುಕ್ಕನ್ನು ಕೆಳಗಿಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ಟೈನಿ ಕೋರ್ ಲಿನಕ್ಸ್ ಎಂಬ ತೀರಾ ಚಿಕ್ಕ ಆಪರೇಟಿಂಗ್ ಸಿಸ್ಟಮ್ ಹಾಕಿ ಎರಡು ತಿಂಗಳಿಂದ ಬಳಸುತ್ತಿದ್ದೇನೆ. ದೊಡ್ಡ ಕೆಲಸವೇನೂ ಇಲ್ಲ. ದಿನದ ಮಳೆಯ ಲೆಕ್ಕ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ತಾರೀಖು, ಚಾಲಿ ಮತ್ತು ರಾಶಿ ಅಡಿಕೆ ಮಾರಿದ ಲೆಕ್ಕ, ಆಗೊಮ್ಮೆ ಈಗೊಮ್ಮೆ ಒಂದು ಪ್ರಿಂಟ್. ಯಂತ್ರ ಚುರುಕಾಗಿದೆ, ಆ ಬಗ್ಗೆ ದೂರಿಲ್ಲ.

ತೊಂದರೆ ಏನೆಂದರೆ, ಮುಚ್ಚುವಾಗ ‘ಬ್ಯಾಕಪ್’ ಆರಿಸಿದರೂ ಮರುದಿನ ಪ್ರಿಂಟರ್ ಇರುವುದಿಲ್ಲ. ಹೊಸದಾಗಿ ಇಟ್ಟ ಪಾಸ್‌ವರ್ಡ್ ಕೂಡ ಇರುವುದಿಲ್ಲ. ವೈಫೈ ಮಾತ್ರ ನೆನಪಿರುತ್ತದೆ. ಒಂದು ಉಳಿದು ಇನ್ನೊಂದು ಹೋಗುವುದು ಏಕೆ? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ನೆಟ್‌ಬುಕ್ಕಿನ ಬ್ಯಾಟರಿ ಯಾವತ್ತೋ ಸತ್ತಿದೆ. ಮುಚ್ಚುವುದಕ್ಕೇ ಹೊತ್ತು ಸಿಗದಿದ್ದರೆ ಬ್ಯಾಕಪ್ ಆಗುವುದಾದರೂ ಹೇಗೆ? ಹೋದ ವಾರ ಎರಡು ದಿನ ಯಂತ್ರವನ್ನು ಆರಿಸದೆ ಬಿಟ್ಟಿದ್ದೆ, ಎರಡೂ ದಿನದ ಮಳೆ ಲೆಕ್ಕ ಹೋಯಿತು. ಅಪ್ಪ ಪುಸ್ತಕದಲ್ಲಿಯೂ ಬರೆದಿಡುತ್ತಾರೆ, ಅದರಿಂದ ಉಳಿದುಕೊಂಡೆ.

ಇನ್ನೊಂದು ಮಾತು: ಮೊದಲು ಅರ್ಧ ನಿಮಿಷದಲ್ಲಿ ಏಳುತ್ತಿದ್ದ ಯಂತ್ರ ಈಗ ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ.

ಕಾಳಿದಂಡೆ, ಕಾರವಾರ

ಪೆನ್‌ಡ್ರೈವ್‌ನ ‘ಟಿಸಿಇ’ ಫೋಲ್ಡರಿನಲ್ಲಿ ‘ಮೈಡೇಟಾ.ಟಿಜಿಜೆಡ್’ ಎಂಬ ಫೈಲ್ ಇರುತ್ತದೆ. ಅದರ ಗಾತ್ರ ಎಷ್ಟು, ಮೊದಲು ಅದನ್ನು ಹೇಳಿ.

ತೋಟಪಟ್ಟಿ, ಶಿರಸಿ

412 ಎಂಬಿ.

ಕಾಳಿದಂಡೆ, ಕಾರವಾರ

ಅಲ್ಲಿಗೆ ನಾಲ್ಕು ನಿಮಿಷದ ಲೆಕ್ಕ ಸಿಕ್ಕಿತು.

ಅಘನಾಶಿನಿ, ಕುಮಟಾ

ತೋಟಪಟ್ಟಿಯವರೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ನಿಮ್ಮ ಪ್ರಶ್ನೆಗಳೆಲ್ಲ ಒಟ್ಟಿಗೇ ಬಗೆಹರಿಯುತ್ತವೆ.

ಟೈನಿ ಕೋರ್ ಪ್ರತಿ ಸಲ ಏಳುವಾಗಲೂ ಹೊಚ್ಚ ಹೊಸ ವ್ಯವಸ್ಥೆಯಾಗಿಯೇ ರ್‍ಯಾಮ್‌ನಲ್ಲಿ ಹರಡಿಕೊಳ್ಳುತ್ತದೆ. ನೀವು ಬದಲಾಯಿಸಿದ್ದೆಲ್ಲ ರ್‍ಯಾಮ್‌ನಲ್ಲೇ ಇರುತ್ತದೆ, ಪೆನ್‌ಡ್ರೈವ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಬ್ಯಾಕಪ್ ಎಂದು ಒತ್ತಿದಾಗ ಅದು ಒಂದು ಪಟ್ಟಿಯನ್ನು ಓದುತ್ತದೆ. ‘ಆಪ್ಟ್’ ಫೋಲ್ಡರಿನಲ್ಲಿ ‘ಫೈಲ್‌ಟೂಲ್.ಎಲ್‌ಎಸ್‌ಟಿ’ ಎಂಬ ಹೆಸರಿನಲ್ಲಿ ಆ ಪಟ್ಟಿ ಇದೆ. ಹೆಸರಿನ ಮೊದಲಿಗೆ ಒಂದು ಚುಕ್ಕಿ ಇರುವುದರಿಂದ ಸುಮ್ಮನೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ. ಆ ಪಟ್ಟಿಯಲ್ಲಿ ಬರೆದದ್ದನ್ನು ಮಾತ್ರ ಗಂಟು ಕಟ್ಟಿ ಮೈಡೇಟಾ ಫೈಲ್ ಮಾಡುತ್ತದೆ. ಹೊಸ ವ್ಯವಸ್ಥೆಯಲ್ಲಿ ಆ ಪಟ್ಟಿಯಲ್ಲಿ ಇರುವುದು ಎರಡೇ ಸಾಲು: ‘ಆಪ್ಟ್’ ಮತ್ತು ‘ಹೋಮ್’.

ವೈಫೈ ಪಾಸ್‌ವರ್ಡ್ ಇರುವುದು ಹೋಮ್ ಒಳಗಿನ ‘ಟಿಸಿ’ ಫೋಲ್ಡರಿನಲ್ಲಿ, ‘ವೈಫೈ.ಡಿಬಿ’ ಎಂಬ ಫೈಲಿನಲ್ಲಿ. ಹಾಗಾಗಿ ಅದು ಉಳಿಯಿತು. ಪ್ರಿಂಟರ್ ವಿವರ ಇರುವುದು ‘ಯುಎಸ್‌ಆರ್/ಲೋಕಲ್/ಇಟಿಸಿ/ಕಪ್ಸ್’ ಒಳಗೆ. ಪಾಸ್‌ವರ್ಡ್ ಇರುವುದು ‘ಇಟಿಸಿ/ಶ್ಯಾಡೊ’ ಫೈಲಿನಲ್ಲಿ. ಎರಡೂ ಪಟ್ಟಿಯಲ್ಲಿಲ್ಲ, ಎರಡೂ ಹೋದವು. ಈ ಎರಡು ಸಾಲನ್ನು ಪಟ್ಟಿಗೆ ಸೇರಿಸಿ. ಸಾಲಿನ ಮೊದಲಿಗೆ ಓರೆಗೆರೆ ಹಾಕಬೇಡಿ. ಮತ್ತೆ ಇಲ್ಲಿ ಕನ್ನಡದಲ್ಲಿ ಬರೆದದ್ದನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಇನ್ನು 412 ಎಂಬಿ. ಹೋಮ್ ಪೂರ್ತಿ ಪಟ್ಟಿಯಲ್ಲಿರುವುದರಿಂದ ನೀವು ಇಳಿಸಿಕೊಂಡ ಪ್ರತಿ ಫೋಟೊ, ಪ್ರತಿ ಪಿಡಿಎಫ್ ಗಂಟಿನೊಳಗೆ ಹೋಗುತ್ತಿದೆ. ಮುಚ್ಚುವಾಗ ಅಷ್ಟನ್ನೂ ಕಟ್ಟಬೇಕು, ಏಳುವಾಗ ಅಷ್ಟನ್ನೂ ರ್‍ಯಾಮ್‌ಗೆ ಬಿಚ್ಚಬೇಕು. 1 ಜಿಬಿಯಲ್ಲಿ ಅರ್ಧ ಅಲ್ಲಿಯೇ ಮುಗಿಯಿತು. ಇದು ಸೆಟ್ಟಿಂಗ್ ಕಾಯುವುದಕ್ಕೆ ಮಾಡಿದ ವ್ಯವಸ್ಥೆ. ಮನೆಯ ಸಾಮಾನನ್ನೆಲ್ಲ ತುಂಬಿಡುವ ಉಗ್ರಾಣ ಅಲ್ಲ.

ಸೋಂದಾಹೊಳೆ, ಶಿರಸಿ

ಭಾವ, ಹೋದ ತಿಂಗಳು ಮನೆಗೆ ಬಂದಾಗಲೇ ಹೇಳಿದ್ದೆನಲ್ಲ, ಮದುವೆ ಫೋಟೊಗಳನ್ನು ಅದರಲ್ಲಿ ಹಾಕಬೇಡ ಎಂದು.

ತೋಟಪಟ್ಟಿ, ಶಿರಸಿ

ನೀನೂ ಇಲ್ಲಿ ಇದ್ದೀಯಾ! ಹೌದು, ಫೋಟೊ ಒಂದೇ 300 ಎಂಬಿ ಮೇಲಿದೆ. ಇವತ್ತೇ ತೆಗೆಯುತ್ತೇನೆ. ಆದರೆ ಮಳೆ ಲೆಕ್ಕದ ಫೈಲ್ ಎಲ್ಲಿ ಇಡಲಿ?

ಕಾಳಿದಂಡೆ, ಕಾರವಾರ

ನೇರವಾಗಿ ಪೆನ್‌ಡ್ರೈವ್ ಮೇಲೆಯೇ ಇಡಿ. ‘ಎಂಎನ್‌ಟಿ’ ಒಳಗೆ ‘ಎಸ್‌ಡಿಎ1’ ಎಂದು ನಿಮ್ಮ ಪೆನ್‌ಡ್ರೈವ್ ಕಾಣಿಸುತ್ತದೆ. ಅಲ್ಲಿ ‘ಲೆಕ್ಕ’ ಎಂಬ ಫೋಲ್ಡರ್ ಮಾಡಿ, ಫೈಲನ್ನು ಅಲ್ಲಿಂದಲೇ ತೆರೆದು ಅಲ್ಲಿಗೇ ಉಳಿಸಿ. ಆಗ ಅದು ರ್‍ಯಾಮ್‌ನ ಹಂಗಿನಲ್ಲಿ ಇರುವುದಿಲ್ಲ. ಬರೆದಾದ ಮೇಲೆ ಒಮ್ಮೆ ‘ಸಿಂಕ್’ ಎಂದು ಆಜ್ಞೆ ಕೊಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಬರಹ ದಾರಿಯಲ್ಲೇ ಇರುತ್ತದೆ. ಅದೇ ಹೊತ್ತಿಗೆ ಕರೆಂಟು ಹೋದರೆ ಫೈಲ್ ಅರ್ಧವಾಗುತ್ತದೆ.

ಬೇಕಾದರೆ ಬೂಟ್ ಸಾಲಿನಲ್ಲಿ (ಯಂತ್ರ ಏಳುವಾಗ ಓದುವ ಆಯ್ಕೆಗಳ ಸಾಲು) ‘ಹೋಮ್=ಎಸ್‌ಡಿಎ1’ ಎಂದು ಹಾಕಿ ಹೋಮ್ ಪೂರ್ತಿಯನ್ನೇ ಪೆನ್‌ಡ್ರೈವ್‌ಗೆ ಕಳಿಸಬಹುದು. ಆಗ ಪಟ್ಟಿಯಿಂದ ‘ಹೋಮ್’ ಸಾಲನ್ನು ತೆಗೆಯಲೇಬೇಕು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್ ಇರಬಾರದು, ಎಕ್ಸ್ಟ್4 ತರಹದ್ದು ಇರಬೇಕು. ಫ್ಯಾಟ್‌ಗೆ ಲಿನಕ್ಸಿನ ಒಡೆತನ, ಅನುಮತಿ ಯಾವುದೂ ತಿಳಿಯುವುದಿಲ್ಲ.

ದೇವಿಮನೆಘಟ್ಟ

ಇಷ್ಟೆಲ್ಲ ತಲೆನೋವು ಏಕೆ? ಪಪ್ಪಿ ಲಿನಕ್ಸ್ ಹಾಕಿಕೊಳ್ಳಿ. ಮೊದಲ ಸಲ ಮುಚ್ಚುವಾಗ ಸೇವ್ ಫೈಲ್ ಮಾಡಲೇ ಎಂದು ತಾನೇ ಕೇಳುತ್ತದೆ. ಪಟ್ಟಿಯೂ ಇಲ್ಲ, ಗಂಟೂ ಇಲ್ಲ. ಆರು ವರ್ಷದಿಂದ ಬಳಸುತ್ತಿದ್ದೇನೆ.

ಅಘನಾಶಿನಿ, ಕುಮಟಾ

ಪಪ್ಪಿ ಒಳ್ಳೆಯದೇ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬದಲಾದದ್ದೆಲ್ಲ ಆ ಒಂದು ಸೇವ್ ಫೈಲಿನೊಳಗೆ ಸೇರುತ್ತದೆ. ಕಸವೂ ಸೇರುತ್ತದೆ, ತಪ್ಪೂ ಸೇರುತ್ತದೆ. ಯಾವ ಸೆಟ್ಟಿಂಗಿನಿಂದ ಯಂತ್ರ ಕೆಟ್ಟಿತು ಎಂದು ಆಮೇಲೆ ಹುಡುಕುವುದು ಕಷ್ಟ. ಇಲ್ಲಿ ಏನು ಉಳಿಯಬೇಕು ಎಂದು ನಾನೇ ಬರೆದಿರುತ್ತೇನೆ. ನನ್ನ ಪಟ್ಟಿಯಲ್ಲಿ ಒಂಬತ್ತು ಸಾಲಿದೆ. ಈ ಯಂತ್ರದಲ್ಲಿ ನಾನು ಏನೇನು ಮುಟ್ಟಿದ್ದೇನೆ ಎಂಬುದಕ್ಕೆ ಆ ಒಂಬತ್ತು ಸಾಲೇ ದಾಖಲೆ. ಅಂಥ ದಾಖಲೆ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಕಡಲಕೊಕ್ಕರೆ, ಕಾರವಾರ

ನಾನು ಮನೆಯ ರೌಟರ್ ಮಾಡಿಕೊಂಡಿರುವುದು ರಾಸ್ಪ್‌ಬೆರಿ ಪೈ ಮೇಲೆ, ಎಸ್‌ಡಿ ಕಾರ್ಡಿನಿಂದ ಏಳುವ ಆಲ್ಪೈನ್ ಲಿನಕ್ಸ್. ಅದೂ ರ್‍ಯಾಮ್‌ನಲ್ಲೇ ಓಡುತ್ತದೆ. ಅಲ್ಲಿ ‘ಎಲ್‌ಬಿಯು’ ಎಂಬ ಸಾಧನವಿದೆ. ‘ಎಲ್‌ಬಿಯು ಸ್ಟೇಟಸ್’ ಎಂದರೆ ಕಳೆದ ಸಲ ಉಳಿಸಿದ ಮೇಲೆ ಏನೇನು ಬದಲಾಗಿದೆ ಎಂದು ಪಟ್ಟಿ ಕೊಡುತ್ತದೆ. ‘ಎಲ್‌ಬಿಯು ಕಮಿಟ್’ ಎಂದರೆ ಕಾರ್ಡಿಗೆ ಬರೆಯುತ್ತದೆ. ‘ಇಟಿಸಿ’ ಪೂರ್ತಿ ತಾನಾಗಿಯೇ ಸೇರಿರುತ್ತದೆ, ಹಾಗಾಗಿ ತೋಟಪಟ್ಟಿಯವರಿಗೆ ಆದ ಪಾಸ್‌ವರ್ಡ್ ತೊಂದರೆ ಅಲ್ಲಿ ಬರುವುದಿಲ್ಲ. ತಂತ್ರಾಂಶಗಳ ಹೆಸರಷ್ಟೇ ‘ವರ್ಲ್ಡ್’ ಎಂಬ ಫೈಲಿನಲ್ಲಿ ಉಳಿಯುತ್ತದೆ, ಆದ್ದರಿಂದ ಗಂಟು ತೀರಾ ಚಿಕ್ಕದು. ಹಳೆಯ ಪ್ರತಿ ಎಷ್ಟು ಇರಬೇಕೆಂದು ‘ಬ್ಯಾಕಪ್ ಲಿಮಿಟ್’ ಎಂಬ ಸಾಲಿನಲ್ಲಿ ಹೇಳಬಹುದು. ನಾನು 5 ಎಂದು ಇಟ್ಟಿದ್ದೇನೆ. ತಪ್ಪಾದರೆ ಹಿಂದಿನದಕ್ಕೆ ಮರಳಬಹುದು.

ಈ ವಿಷಯದಲ್ಲಿ ಟೈನಿ ಕೋರ್‌ಗಿಂತ ಆಲ್ಪೈನ್ ಒಂದು ಕೈ ಮೇಲು ಎಂದೇ ನನ್ನ ಅಭಿಪ್ರಾಯ.

ಅಘನಾಶಿನಿ, ಕುಮಟಾ

ಸ್ಟೇಟಸ್ ಸೌಲಭ್ಯದ ಬಗ್ಗೆ ಒಪ್ಪುತ್ತೇನೆ, ಅದು ನಿಜವಾಗಿಯೂ ಚೆನ್ನಾಗಿದೆ. ಆದರೆ ಅಲ್ಲಿಯೂ ಒಂದು ಗುಂಡಿ ಇದೆ. ರೂಟ್ ಬಳಕೆದಾರನ ಹೋಮ್ ಫೋಲ್ಡರ್ ತಾನಾಗಿ ಸೇರುವುದಿಲ್ಲ, ‘ಎಲ್‌ಬಿಯು ಇನ್‌ಕ್ಲೂಡ್’ ಎಂದು ಸೇರಿಸಬೇಕು. ನಾನು ಬರೆದಿದ್ದ ಫೈರ್‌ವಾಲ್ ಸ್ಕ್ರಿಪ್ಟ್ ಅದರಲ್ಲಿತ್ತು. ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಅದು ಇರಲಿಲ್ಲ. ಯಾವ ವ್ಯವಸ್ಥೆಯಾದರೂ ಅಷ್ಟೆ. ತಾನಾಗಿ ಏನು ಉಳಿಯುತ್ತದೆ ಎಂದು ಊಹಿಸಬೇಡಿ, ತೆರೆದು ನೋಡಿ.

ಶರಾವತಿಕೂಡಲು, ಹೊನ್ನಾವರ

ಮುಖ್ಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕರೆಂಟು ಹೇಳದೆ ಹೋದರೆ? ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಕ್ರಾನ್ ಹಾಕಿ. ಗಂಟೆಗೊಮ್ಮೆ ಬ್ಯಾಕಪ್ ಮಾಡುವ ಆಜ್ಞೆ ‘ಫೈಲ್‌ಟೂಲ್.ಎಸ್‌ಎಚ್ -ಬಿ’ ಓಡಲಿ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ ಹೋಗುತ್ತದೆ. ಜತೆಗೆ ಗಡಿಯಾರ ಸರಿ ಇಲ್ಲದಿದ್ದರೆ ಬೂಟ್ ಸಾಲಿಗೆ ‘ಟಿಜೆಡ್=ಐಎಸ್‌ಟಿ+5:30’ ಎಂದು ಸೇರಿಸಿ. ಆಗ ಸಮಯವಲಯವನ್ನು ಬ್ಯಾಕಪ್ ಮಾಡುವ ಅಗತ್ಯವೇ ಇಲ್ಲ.

ಕಾಳಿದಂಡೆ, ಕಾರವಾರ

ಪ್ಲಸ್ ಅಲ್ಲ, ಮೈನಸ್. ‘ಐಎಸ್‌ಟಿ-5:30’. ಈ ಬರಹದ ಕ್ರಮದಲ್ಲಿ ಗ್ರೀನ್‌ವಿಚ್‌ನ ಪೂರ್ವಕ್ಕಿರುವ ನಾಡುಗಳಿಗೆ ಮೈನಸ್ ಹಾಕಬೇಕು. ಪ್ಲಸ್ ಹಾಕಿದರೆ ಗಡಿಯಾರ ಹನ್ನೊಂದು ಗಂಟೆ ಹಿಂದೆ ಹೋಗುತ್ತದೆ.

ಶರಾವತಿಕೂಡಲು, ಹೊನ್ನಾವರ

ನೋಡಿದೆ, ನನ್ನ ಯಂತ್ರದಲ್ಲಿಯೂ ಮೈನಸ್ಸೇ ಇದೆ. ಬರೆಯುವಾಗ ತಪ್ಪಿತು. ತಿದ್ದಿದ್ದಕ್ಕೆ ಧನ್ಯವಾದ.

ಸೋಂದಾಹೊಳೆ, ಶಿರಸಿ

ಭಾವನ ನೆಟ್‌ಬುಕ್ಕಿನ ಮದರ್‌ಬೋರ್ಡ್ ಸೆಲ್ ಕೂಡ ಸತ್ತಿದೆ ಎಂದು ನನ್ನ ಅನುಮಾನ. ಹೋದ ಸಲ ನೋಡಿದಾಗ ಬ್ಯಾಕಪ್ ಫೈಲಿನ ತಾರೀಖು ಎಷ್ಟೋ ವರ್ಷ ಹಿಂದಿನದಿತ್ತು. ಸೆಲ್ ಬದಲಿಸು ಭಾವ, ಸಿಆರ್2032, ಪೇಟೆಯಲ್ಲಿ ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ. ತಾರೀಖು ಸುಳ್ಳಾದರೆ ಯಾವ ಬ್ಯಾಕಪ್ ಹೊಸದು, ಯಾವುದು ಹಳೆಯದು ಎಂದು ಗೊತ್ತಾಗುವುದೇ ಇಲ್ಲ.

ದೇವಿಮನೆಘಟ್ಟ

ಗಂಟೆಗೊಮ್ಮೆ ಬರೆದರೆ ಪೆನ್‌ಡ್ರೈವ್ ಸವೆಯುವುದಿಲ್ಲವೇ?

ಅಘನಾಶಿನಿ, ಕುಮಟಾ

412 ಎಂಬಿಯನ್ನು ಗಂಟೆಗೊಮ್ಮೆ ಬರೆದರೆ ಖಂಡಿತ ಸವೆಯುತ್ತದೆ. ಗಂಟನ್ನು ಮೊದಲು ಇಳಿಸಿದರೆ ಕೆಲವು ನೂರು ಕೆಬಿ, ಅದರ ಬಗ್ಗೆ ಚಿಂತೆ ಬೇಡ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಬರೆಯುತ್ತಿರುವ ಆ ಕ್ಷಣದಲ್ಲೇ ಕರೆಂಟು ಹೋದರೆ ಹಳೆಯ ಗಂಟೂ ಇಲ್ಲ, ಹೊಸದೂ ಅರ್ಧ.

ಅದಕ್ಕೇ ‘ಸೇಫ್’ ಎಂಬ ಆಯ್ಕೆ ಇರುವುದು. ಆಜ್ಞೆಯಲ್ಲಿ ‘-ಬಿ’ ಜತೆಗೆ ‘-ಎಸ್’ ಸೇರಿಸಿದರೆ ಹಿಂದಿನ ಗಂಟನ್ನು ‘ಮೈಡೇಟಾಬಿಕೆ’ ಎಂದು ಎತ್ತಿಟ್ಟು ಆಮೇಲೆ ಹೊಸದನ್ನು ಬರೆಯುತ್ತದೆ. ಆದರೂ ಅದೊಂದನ್ನೇ ನಂಬಬೇಡಿ. ಮುರಿದ ಗಂಟಿನ ಮೇಲೆ ಇನ್ನೊಮ್ಮೆ ಸೇಫ್ ಓಡಿದರೆ ಎತ್ತಿಟ್ಟದ್ದೂ ಮುರಿದದ್ದೇ ಆಗುತ್ತದೆ. ಹಾಗಾಗಿ ನನ್ನ ಸ್ಕ್ರಿಪ್ಟಿನಲ್ಲಿ ಇನ್ನೊಂದು ಹೆಜ್ಜೆ ಇದೆ. ಬ್ಯಾಕಪ್ ಮುಗಿದ ಮೇಲೆ ‘ಜಿಜಿಪ್ -ಟಿ’ ಹಾಕಿ ಗಂಟು ಸರಿಯಿದೆಯೇ ಎಂದು ಪರೀಕ್ಷೆ ಮಾಡುತ್ತದೆ. ಸರಿಯಿದ್ದರೆ ಮಾತ್ರ ತಾರೀಖಿನ ಹೆಸರಿನಲ್ಲಿ ಇನ್ನೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿ, ಕೊನೆಗೆ ಸಿಂಕ್ ಮಾಡುತ್ತದೆ. ಎಲ್ಲ ಸೇರಿ ಐದು ಸಾಲು.

ತೋಟಪಟ್ಟಿ, ಶಿರಸಿ

ಇನ್ನೊಂದು ಪೆನ್‌ಡ್ರೈವ್ ಬೇಕೇ? ಮೈಡೇಟಾ ಪೆನ್‌ಡ್ರೈವ್‌ನಲ್ಲೇ ಇರುತ್ತದಲ್ಲ.

ಕಡಲಕೊಕ್ಕರೆ, ಕಾರವಾರ

ಅದೇ ಪೆನ್‌ಡ್ರೈವ್ ಸತ್ತರೆ? ಯಂತ್ರ ಏಳುವುದೂ ಅದರಿಂದ, ಬ್ಯಾಕಪ್ ಇರುವುದೂ ಅದರಲ್ಲಿ. ಇದನ್ನು ನಾನು ಬ್ಯಾಕಪ್ ಎಂದು ಕರೆಯಲು ಸಿದ್ಧನಿಲ್ಲ, ಅದು ಬರೀ ನೆನಪು. ನಮ್ಮ ಕಾರವಾರದ ಉಪ್ಪು ಗಾಳಿಗೆ ಯುಎಸ್‌ಬಿಯ ಲೋಹದ ತುದಿ ಹಸಿರುಗಟ್ಟುತ್ತದೆ. ಕಡಲಿನಿಂದ ಕೂಗಳತೆಯಲ್ಲಿ ಮನೆ ಇರುವವರಿಗೆ ಇದು ಗೊತ್ತಿರುತ್ತದೆ. ಎರಡು ಮಳೆಗಾಲದಲ್ಲಿ ಮೂರು ಪೆನ್‌ಡ್ರೈವ್ ಕಳೆದುಕೊಂಡಿದ್ದೇನೆ. ಈಗ ಎರಡನೆಯದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡುತ್ತೇನೆ.

ಸೋಂದಾಹೊಳೆ, ಶಿರಸಿ

ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಆಷಾಢದಲ್ಲಿ ಕಪಾಟಿನ ಬಟ್ಟೆಯೇ ಬೂಸ್ಟು ಹಿಡಿಯುತ್ತದೆ. ನಾವು ಹೊಗೆ ಅಟ್ಟದ ಪಕ್ಕದ ಗೂಡಿನಲ್ಲಿ ಇಡುತ್ತೇವೆ, ಅಲ್ಲಿ ವರ್ಷವಿಡೀ ಬೆಚ್ಚಗಿರುತ್ತದೆ.

ಕಡಲಕೊಕ್ಕರೆ, ಕಾರವಾರ

ಹೊಗೆ ಬೇಡ, ಅದರ ಜಿಡ್ಡು ತುದಿಗೆ ಕೂರುತ್ತದೆ. ಡಬ್ಬಿಯೇ ಒಳ್ಳೆಯದು.

ದೇವಿಮನೆಘಟ್ಟ

ನನ್ನ ಕ್ರಮ: ತಿಂಗಳಿಗೊಮ್ಮೆ ‘ಡಿಡಿ’ ಆಜ್ಞೆಯಿಂದ ಇಡೀ ಪೆನ್‌ಡ್ರೈವ್‌ನ ಪಡಿಯಚ್ಚು ತೆಗೆಯುತ್ತೇನೆ. ಸತ್ತರೆ ಹೊಸದಕ್ಕೆ ಸುರಿದರಾಯಿತು.

ಕಾಳಿದಂಡೆ, ಕಾರವಾರ

ಎರಡು ಕಂಪನಿಗಳ 8 ಜಿಬಿ ಪೆನ್‌ಡ್ರೈವ್ ಅಳತೆಯಲ್ಲಿ ಸರಿಸಮ ಇರುವುದಿಲ್ಲ. ಹೊಸದು ಒಂದಿಷ್ಟು ಚಿಕ್ಕದಿದ್ದರೆ ಪಡಿಯಚ್ಚು ಕೂರುವುದಿಲ್ಲ. ಟೈನಿ ಕೋರ್‌ಗೆ ಅದರ ಅಗತ್ಯವೂ ಇಲ್ಲ. ಇದರ ಬುಡವೆಲ್ಲ ಸೇರಿ ಕೆಲವು ಫೈಲ್‌ಗಳು ಮಾತ್ರ: ಕರ್ನಲ್ ಒಂದು, ‘ಕೋರ್.ಜಿಜೆಡ್’ ಒಂದು, ‘ಟಿಸಿಇ’ ಫೋಲ್ಡರ್ ಒಂದು. ಹೊಸ ಪೆನ್‌ಡ್ರೈವ್‌ಗೆ ಟೈನಿ ಕೋರ್ ಹಾಕಿ, ಹಳೆಯ ಟಿಸಿಇ ಫೋಲ್ಡರನ್ನು ನಕಲು ಮಾಡಿದರೆ ನಿಮ್ಮ ಯಂತ್ರ ಮೊದಲಿನಂತೆ ಎದ್ದು ನಿಲ್ಲುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಪೆನ್‌ಡ್ರೈವ್ ಕೊಂಡಿದ್ದರೆ ಮೊದಲು ‘ಎಫ್3’ ತಂತ್ರಾಂಶದಿಂದ ಪರೀಕ್ಷೆ ಮಾಡಿ. 64 ಎಂದು ಬರೆದು ಒಳಗೆ 8 ಇಟ್ಟಿರುವುದನ್ನು ನಾನೇ ಕಂಡಿದ್ದೇನೆ.

ಎರಡು ಪೆನ್‌ಡ್ರೈವ್ ಒಟ್ಟಿಗೆ ಚುಚ್ಚುವವರು ಇನ್ನೊಂದನ್ನೂ ಗಮನಿಸಿ. ಇವತ್ತು ‘ಎಸ್‌ಡಿಎ1’ ಆಗಿದ್ದು ನಾಳೆ ‘ಎಸ್‌ಡಿಬಿ1’ ಆಗಬಹುದು. ಬೂಟ್ ಸಾಲಿನಲ್ಲಿ ‘ಟಿಸಿಇ=’ ಆದಮೇಲೆ ಯುಯುಐಡಿ (ಆ ಪೆನ್‌ಡ್ರೈವ್‌ನ ಬದಲಾಗದ ಗುರುತು) ಬರೆಯಿರಿ, ‘ಬಿಎಲ್‌ಕೆಐಡಿ’ ಆಜ್ಞೆ ಅದನ್ನು ಹೇಳುತ್ತದೆ. ‘ವೇಟ್‌ಯುಎಸ್‌ಬಿ=5’ ಕೂಡ ಇರಲಿ. ನಿಧಾನದ ಪೆನ್‌ಡ್ರೈವ್ ಕಣ್ಣು ಬಿಡುವ ಮೊದಲೇ ವ್ಯವಸ್ಥೆ ಎದ್ದುಬಿಟ್ಟರೆ ಸೆಟ್ಟಿಂಗ್ ಇಲ್ಲದ ಖಾಲಿ ತೆರೆ ಬರುತ್ತದೆ. ಅಂಥ ದಿನ ಗಾಬರಿಯಾಗಿ ಏನೂ ಮಾಡಬೇಡಿ. ಮುಚ್ಚುವಾಗ ‘ನನ್’ ಆರಿಸಿ, ಬ್ಯಾಕಪ್ ಆರಿಸಬೇಡಿ. ಖಾಲಿ ಮನೆಯನ್ನು ಹಳೆಯ ಗಂಟಿನ ಮೇಲೆ ಬರೆದರೆ ಮರಳಿ ಬರುವ ದಾರಿ ಇಲ್ಲ.

ಗಂಗಾವಳಿ, ಅಂಕೋಲಾ

ಈ ಗಂಟಿನಲ್ಲಿ ವೈಫೈ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಇರುತ್ತದಲ್ಲವೇ? ನಕಲುಗಳನ್ನು ಅಲ್ಲಲ್ಲಿ ಇಡುವವರು ಅದನ್ನೂ ಯೋಚಿಸಬೇಕು.

ಅಘನಾಶಿನಿ, ಕುಮಟಾ

ಒಳ್ಳೆಯ ಮಾತು. ಬೂಟ್ ಸಾಲಿನಲ್ಲಿ ‘ಪ್ರೊಟೆಕ್ಟ್’ ಎಂದು ಹಾಕಿದರೆ ಗಂಟಿಗೆ ಬೀಗ ಬೀಳುತ್ತದೆ, ಪ್ರತಿ ಸಲ ಏಳುವಾಗ ಗುಪ್ತಪದ ಕೇಳುತ್ತದೆ. ಆದರೆ ಗುಪ್ತಪದ ಮರೆತರೆ ಗಂಟು ಹೋದಂತೆಯೇ. ಮನೆಯೊಳಗೇ ಇರುವ ಪೆನ್‌ಡ್ರೈವ್‌ಗೆ ನಾನು ಬೀಗ ಹಾಕುವುದಿಲ್ಲ, ಹೊರಗೆ ಒಯ್ಯುವುದಕ್ಕೆ ಹಾಕುತ್ತೇನೆ.

ಗಂಗಾವಳಿ, ಅಂಕೋಲಾ

ಹಾಗೆಯೇ ಒಂದು ಪ್ರಶ್ನೆ, ವಿಷಯದಿಂದ ತುಸು ಆಚೆ. ಕನ್ನಡ ಕೀಲಿಮಣೆ ಮತ್ತು ಅಕ್ಷರಗಳನ್ನು ಇದರಲ್ಲಿ ಉಳಿಸಿಕೊಳ್ಳುವುದು ಹೇಗೆ? ಫಾಂಟುಗಳನ್ನು ಹೋಮ್ ಒಳಗೆ ಹಾಕಿದ್ದೇನೆ, ಗಂಟು ಬೆಳೆಯುತ್ತಿದೆ.

ಕಾಳಿದಂಡೆ, ಕಾರವಾರ

ಫಾಂಟು ಎಂದೂ ಬದಲಾಗದ ವಸ್ತು. ಬದಲಾಗದ್ದನ್ನು ದಿನಾ ಗಂಟು ಕಟ್ಟಬಾರದು. ಲೋಹಿತ್, ಗುಬ್ಬಿ, ನವಿಲು, ಯಾವುದು ಬೇಕೋ ಅವನ್ನು ಒಂದು ಫೋಲ್ಡರಿನಲ್ಲಿ ಸರಿಯಾದ ದಾರಿಯಲ್ಲಿ ಜೋಡಿಸಿ, ‘ಎಂಕೆಸ್ಕ್ವಾಶ್‌ಎಫ್‌ಎಸ್’ ಆಜ್ಞೆಯಿಂದ ನಿಮ್ಮದೇ ‘ಟಿಸಿಜೆಡ್’ ವಿಸ್ತರಣೆ (ಟೈನಿ ಕೋರ್‌ಗೆ ಸೇರಿಸುವ ಪೊಟ್ಟಣ) ಮಾಡಿಕೊಳ್ಳಿ. ಅದನ್ನು ಟಿಸಿಇ ಒಳಗಿನ ‘ಆಪ್ಷನಲ್’ ಫೋಲ್ಡರಿನಲ್ಲಿ ಇಟ್ಟು, ಹೆಸರನ್ನು ಏಳುವಾಗ ಸೇರಿಸುವ ಪೊಟ್ಟಣಗಳ ಪಟ್ಟಿಯಾದ ‘ಆನ್‌ಬೂಟ್.ಎಲ್‌ಎಸ್‌ಟಿ’ಗೆ ಸೇರಿಸಿ. ಗಂಟಿಗೆ ಒಂದು ಕೆಬಿ ಭಾರವೂ ಬರುವುದಿಲ್ಲ.

ಕೀಲಿಮಣೆಗೆ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಇದೆ. ಭಾರತದ ವಿನ್ಯಾಸದಲ್ಲಿ ‘ಕೆಎಎನ್-ಕಗಪ’ ಎಂಬ ಬಗೆಯನ್ನು ಆರಿಸಿದರೆ ಕಗಪ ಬರುತ್ತದೆ. ಆ ಒಂದು ಸಾಲನ್ನು ಹೋಮ್ ಒಳಗಿನ ‘.ಎಕ್ಸ್.ಡಿ’ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಇಡಿ. ತೆರೆ ಬಂದಾಗಲೆಲ್ಲ ಅದು ಓಡುತ್ತದೆ.

ಗಂಗಾವಳಿ, ಅಂಕೋಲಾ

ಇದನ್ನು ಎಷ್ಟು ದಿನದಿಂದ ಹುಡುಕುತ್ತಿದ್ದೆ! ಇವತ್ತು ರಾತ್ರಿಯೇ ಮಾಡುತ್ತೇನೆ.

ತೋಟಪಟ್ಟಿ, ಶಿರಸಿ

ನಾಲ್ಕು ದಿನವಾಯಿತು, ವರದಿ ಕೊಡುತ್ತೇನೆ. ಫೋಟೊಗಳನ್ನು ತೆಗೆದೆ, ಮಳೆ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಸರಿಸಿದೆ, ಪಟ್ಟಿಗೆ ಎರಡು ಸಾಲು ಸೇರಿಸಿದೆ, ಸೆಲ್ ಬದಲಿಸಿದೆ. ಗಂಟು ಈಗ 640 ಕೆಬಿ, ಯಂತ್ರ ಅರ್ಧ ನಿಮಿಷದೊಳಗೆ ಏಳುತ್ತದೆ. ಪ್ರಿಂಟರ್ ಇದೆ, ಪಾಸ್‌ವರ್ಡ್ ಇದೆ. ಗಂಟೆಗೊಮ್ಮೆ ಓಡುವ ಕ್ರಾನ್ ಹಾಕಿದೆ, ಎರಡನೆಯ ಪೆನ್‌ಡ್ರೈವ್‌ಗೂ ನಕಲು ಹೋಗುತ್ತಿತ್ತು.

‘ಹೋಗುತ್ತಿತ್ತು’ ಎಂದೆ, ಏಕೆಂದರೆ ನಿನ್ನೆಯಿಂದ ಹೋಗುತ್ತಿಲ್ಲ. ಮೊನ್ನೆ ರಾತ್ರಿ ಕರೆಂಟು ಹೋಗಿ ಬಂತು. ಆಮೇಲೆ ಒಂದೂ ಹೊಸ ನಕಲು ಇಲ್ಲ. ‘ಕ್ರಾನ್‌ಟ್ಯಾಬ್ -ಎಲ್’ ಹಾಕಿದರೆ ಖಾಲಿ.

ಅಘನಾಶಿನಿ, ಕುಮಟಾ

ಕ್ರಾನ್‌ನ ಸಾಲು ಇರುವುದು ‘ವಿಎಆರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್’ ಒಳಗೆ. ಅದೂ ಪಟ್ಟಿಯಲ್ಲಿಲ್ಲ! ಬ್ಯಾಕಪ್ ಮಾಡುವ ಕೆಲಸವೇ ಬ್ಯಾಕಪ್ ಆಗಿಲ್ಲ. ನಾನು ಮೊದಲೇ ಹೇಳಬೇಕಿತ್ತು, ನನ್ನ ಒಂಬತ್ತು ಸಾಲಿನಲ್ಲಿ ಅದು ನಾಲ್ಕನೆಯದು. ಪಟ್ಟಿಗೆ ಸೇರಿಸಿ. ಬೂಟ್ ಸಾಲಿನಲ್ಲಿ ‘ಕ್ರಾನ್’ ಎಂಬ ಪದವೂ ಇರಬೇಕು, ಇಲ್ಲದಿದ್ದರೆ ಸಾಲು ಉಳಿದರೂ ಅದನ್ನು ಓಡಿಸುವ ಸೇವೆ ಏಳುವುದಿಲ್ಲ. ಎರಡನ್ನೂ ಮಾಡಿ, ಕೈಯಾರೆ ಒಮ್ಮೆ ಬ್ಯಾಕಪ್ ತೆಗೆದು, ಬೇಕೆಂದೇ ಯಂತ್ರ ಮುಚ್ಚಿ ತೆರೆಯಿರಿ.

ಕಾಳಿದಂಡೆ, ಕಾರವಾರ

ಅಷ್ಟಕ್ಕೇ ನಿಲ್ಲಿಸಬೇಡಿ. ಎರಡನೆಯ ಪೆನ್‌ಡ್ರೈವ್‌ನಲ್ಲಿರುವ ನಕಲಿನಿಂದಲೇ ಒಮ್ಮೆ ಬೇರೆ ಕಂಪ್ಯೂಟರನ್ನು ಎಬ್ಬಿಸಿ ನೋಡಿ.

ತೋಟಪಟ್ಟಿ, ಶಿರಸಿ

ಮಾಡಿದೆ. ಸೋಂದಾಹೊಳೆ ಭಾವನ ಮನೆಗೆ ಎರಡನೆಯ ಪೆನ್‌ಡ್ರೈವ್ ಒಯ್ದೆ. ಕಾಳಿದಂಡೆಯವರು ಹೇಳಿದಂತೆ ಅದಕ್ಕೆ ಟೈನಿ ಕೋರ್ ಹಾಕಿ, ಟಿಸಿಇ ಫೋಲ್ಡರ್ ನಕಲು ಮಾಡಿ, ನಿನ್ನೆಯ ತಾರೀಖಿನ ಗಂಟನ್ನು ಮೈಡೇಟಾ ಎಂದು ಹೆಸರು ಬದಲಿಸಿ ಇಟ್ಟೆವು. ಅವರ ಹಳೆಯ ಡೆಸ್ಕ್‌ಟಾಪ್ ಎದ್ದಾಗ ನಮ್ಮ ಮನೆಯ ತೆರೆಯೇ ಬಂತು. ಪ್ರಿಂಟರಿನ ಹೆಸರು ಇತ್ತು, ಕ್ರಾನ್ ಸಾಲು ಇತ್ತು, ಗಡಿಯಾರ ಸರಿಯಿತ್ತು. ಮಳೆ ಲೆಕ್ಕ ಮಾತ್ರ ಇರಲಿಲ್ಲ, ಅದು ಗಂಟಿನಲ್ಲಿ ಇಲ್ಲವಲ್ಲ. ಸ್ಕ್ರಿಪ್ಟಿಗೆ ‘ಲೆಕ್ಕ’ ಫೋಲ್ಡರನ್ನೂ ನಕಲು ಮಾಡುವ ಆರನೆಯ ಸಾಲನ್ನು ಅಲ್ಲಿಯೇ ಕೂತು ಸೇರಿಸಿದೆ.

ಸೋಂದಾಹೊಳೆ, ಶಿರಸಿ

ಆ ಪೆನ್‌ಡ್ರೈವ್ ಈಗ ನಮ್ಮ ಮನೆಯಲ್ಲೇ ಇದೆ, ಡಬ್ಬಿಯೊಳಗೆ. ಭಾನುವಾರ ಬರುವಾಗ ಮೂರನೆಯದೊಂದು ತಾ ಭಾವ, ಅದಲು ಬದಲು ಮಾಡಿಕೊಳ್ಳೋಣ.